ಗಾಜಿನೊಳಗಿನ ಮಂಜು

ಅಪ್ಪ ತೀರಿಹೋಗಿ ವರ್ಷವಾಗಿತ್ತು. ಮಗಳು ಸ್ಟುಡಿಯೋದ ಗೋಡೆಗೆ ಹಾಕಿದ್ದ ಅವನ ಫೋಟೋವನ್ನು ಅಮ್ಮ ದಿನಾ ಗೋಡೆಗೆ ಮುಖ ತಿರುಗಿಸಿ ಇಡುತ್ತಿದ್ದಳು.

"ಇದು ಯಾರೋ. ನಿಮ್ಮಪ್ಪ ಅಲ್ಲ. ನಾನು ಸೌಟು ಎಸೆದಾಗ ಆದ ಗಾಯ ಎಲ್ಲಿದೆ ಇದರಲ್ಲಿ?"

"ಅಪ್ಪನ ಲೆನ್ಸೇ ಹಾಗೆ ಅಮ್ಮ, ಕಲೆ ತೋರಿಸಲ್ಲ."

"ಹಾಗಾದ್ರೆ ಅದೇ ನುಂಗಿದೆ. ಬಿಚ್ಚಿಸು."

ಅಪ್ಪನ ಆ ಹಳೆಯ ಲೆನ್ಸಿಗಾಗಿಯೇ ಗಿರಾಕಿಗಳು ಸ್ಟುಡಿಯೋ ಹುಡುಕಿಕೊಂಡು ಬರುತ್ತಿದ್ದರು. ಮೊಡವೆ, ಸುಕ್ಕು, ಹೊಲಿಗೆಯ ಗುರುತು ಯಾವುದನ್ನೂ ಅದು ತೋರಿಸುತ್ತಿರಲಿಲ್ಲ. ಕೆನ್ನೆಯ ಅಂಚಿನಲ್ಲಿ ಬೆಳಕು ತೆಳ್ಳಗೆ ಹೊಗೆಯಾಡುತ್ತಿತ್ತು. ಗಾಜಿನ ಒಳಗೊಂದು ಮಂಜು ಕಟ್ಟಿತ್ತು, ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಅಪ್ಪ ಹೊರಗಿನಿಂದ ಒರೆಸುತ್ತಿದ್ದನೇ ಹೊರತು ಬಿಚ್ಚಲು ಯಾರಿಗೂ ಕೊಟ್ಟವನಲ್ಲ. ಕೇಳಿದರೆ, "ಒಳಗೆ ಸೇರಿದ್ದು ಒಳಗೇ ಇರ್ಲಿ" ಎನ್ನುತ್ತಿದ್ದ.

ಮಗಳಿಗೆ ಅಮ್ಮನ ಮಾತು ಹುಚ್ಚೆನಿಸಿತು. ಆದರೆ ಅಪ್ಪನ ಮುಖ ಅವಳ ನೆನಪಿನಿಂದಲೂ ಜಾರುತ್ತಿತ್ತು. ಗಾಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಅವಳಿಗೆ ಗೊತ್ತಾಗಲಿಲ್ಲ. ಅದು ಅವಳನ್ನು ಹೆದರಿಸಿತು. ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಕ್ಕದ ಬೀದಿಯ ಕ್ಯಾಮೆರಾ ರಿಪೇರಿಯವನ ಹತ್ತಿರ ಹೋದಳು.

"ಈ ಪೊರೆ ತೆಗೆದ್ರೆ ಮಾಮೂಲಿ ಗಾಜು ಆಗೋಗತ್ತೆ. ಆಮೇಲೆ ನನ್ನ ಬೈಬೇಡಿ."

"ಬೈಯಲ್ಲ ಅಣ್ಣ. ತೆಗೀರಿ."

ಅವನು ಲೆನ್ಸಿನ ಉಂಗುರ ತಿರುಗಿಸಿ ಬಿಚ್ಚಿದ. ಗಾಜಿಗೆ ಹಾ ಎಂದು ಉಸಿರು ಬಿಟ್ಟು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದ. ಬಟ್ಟೆಗೆ ಬೂದು ಬಣ್ಣದ ಜಿಡ್ಡು ಹತ್ತಿತು. ಫ್ಯಾನು ಕೆಟ್ಟಿತ್ತು. ಅಭ್ಯಾಸಬಲ, ಅದೇ ಬಟ್ಟೆಯಿಂದ ಮುಖದ ಬೆವರನ್ನೂ ಒರೆಸಿಕೊಂಡ.

ಮಾರನೇ ದಿನ ಮಧ್ಯಾಹ್ನ ಅವನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸ್ಟುಡಿಯೋಕ್ಕೆ ಬಂದ.

"ನನ್ನ ಹೆಂಡತಿ ಬಾಗಿಲು ತೆಗೀತಿಲ್ಲ. ಯಾರ್ರೀ ನೀವು ಅಂತಾಳೆ."

ಕರವಸ್ತ್ರ ಬಿಚ್ಚಿದ. ನಿನ್ನೆಯ ನುಣ್ಣನೆ ಮುಖದ ತುಂಬ ಸುಕ್ಕು, ಸಿಡುಬಿನ ಕಲೆ, ಮೂಗಿನ ಪಕ್ಕ ನರಹುಲಿ, ತುಟಿಯ ಮೇಲೆ ಹೊಲಿಗೆ. ಒಂದೊಂದು ಗುರುತೂ ಒಬ್ಬೊಬ್ಬರದು. ಆ ನರಹುಲಿಯನ್ನು ಮಗಳು ಗುರುತಿಸಿದಳು. ಅದು ಹಾಲಿನ ಅಂಗಡಿಯವಳದು, ಫೋಟೋದಲ್ಲಿ ಇಲ್ಲವೆಂದು ಅವಳು ಎಷ್ಟು ಹಿಗ್ಗಿದ್ದಳು. ಎಡದವಡೆಯ ಮೇಲೆ ಕೊಕ್ಕೆಯಂತೆ ಬಾಗಿದ ಒಂದು ಗಾಯ.

"ಅದೇ ಲೆನ್ಸಲ್ಲಿ ನನ್ನ ಫೋಟೋ ತೆಗೀರಿ. ಇವನ್ನೆಲ್ಲ ಮತ್ತೆ ಒಳಗೆ ಎಳ್ಕೊಂಡ್ರೂ ಎಳ್ಕೊಳ್ಳಬಹುದು."

ಲೆನ್ಸ್ ಈಗ ನೀರಿನಷ್ಟು ತಿಳಿಯಾಗಿತ್ತು. ಮಗಳು ಅದನ್ನು ಕ್ಯಾಮೆರಾಕ್ಕೆ ಹಾಕಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಬಟನ್ ಒತ್ತಿದಳು. ಕ್ಯಾಮೆರಾದ ಪರದೆಯಲ್ಲಿ ಒಂದು ಕಲೆಯೂ ತಪ್ಪದೆ ಎಲ್ಲ ಬಂತು. ಅವನು ಮುಖ ಮುಟ್ಟಿ ನೋಡಿಕೊಂಡ. ಯಾವುದೂ ಹೋಗಿರಲಿಲ್ಲ.

"ಇನ್ನೊಂದು ತೆಗೀರಿ," ಎಂದ.

ಅಷ್ಟರಲ್ಲಿ ಒಳಗಿನಿಂದ ಅಮ್ಮ ಬಂದಳು. ನಿಂತಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಹೋಗಿ ಅವನ ದವಡೆಯ ಗಾಯದ ಮೇಲೆ ಬೆರಳಿಟ್ಟಳು.

"ಇಲ್ಲಿದೆ ನೋಡು," ಎಂದಳು ಮಗಳಿಗೆ. "ಅನ್ನ ಮುದ್ದೆಯಾಗಿದೆ ಅಂದಿದ್ರು, ಅದಕ್ಕೆ ಎಸೆದಿದ್ದೆ."

"ಅಮ್ಮ, ಇವರು ರಿಪೇರಿ ಅಣ್ಣ."

ಅಮ್ಮ ಬೆರಳು ತೆಗೆಯಲಿಲ್ಲ. ರಿಪೇರಿಯವನು ಏಳಲು ಹೋದವನು ಏಕೋ ಮತ್ತೆ ಕೂತ. ಯಾರೂ ಹೇಳದೆ ಕಿಟಕಿಯತ್ತ ವಾಲಿ ಎಡಗೆನ್ನೆಯನ್ನು ಬೆಳಕಿಗೆ ಕೊಟ್ಟ. ಅಪ್ಪ ಗಿರಾಕಿಗಳನ್ನು ಹಾಗೆಯೇ ಕೂರಿಸುತ್ತಿದ್ದ.

"ಉಸಿರು ಬಿಟ್ಟು ಒತ್ತು, ಪುಟ್ಟಿ," ಎಂದ.

ಅವಳನ್ನು ಪುಟ್ಟಿ ಎನ್ನುತ್ತಿದ್ದುದು ಅಪ್ಪ ಒಬ್ಬನೇ. ಮಗಳ ಬೆರಳು ತಾನಾಗಿ ಒತ್ತಿತು.

ರಿಪೇರಿಯವನು ಬೆಚ್ಚಿ ಬಾಯಿ ಮುಚ್ಚಿಕೊಂಡ. "ನಾನೇನಂದೆ ಈಗ? ಅಕ್ಕ, ನಾನು ಮನೆಗೆ ಹೋಗ್ಬೇಕು."

ಕಳಿಸಿಬಿಡಬೇಕು ಎಂದುಕೊಂಡಳು ಮಗಳು. ಆದರೆ ಅವಳ ಕಣ್ಣು ಪರದೆಯ ಮೇಲಿತ್ತು. ಗಾಯ ಎಡಕ್ಕೇ ಇತ್ತು. ಇನ್ನು ಮರೆಯುವ ಹಾಗಿರಲಿಲ್ಲ.

ಅಮ್ಮ ಗೋಡೆಯ ಮೇಲಿನ ಫೋಟೋವನ್ನು ಇಳಿಸಿ, ಬೀದಿಬಾಗಿಲಿಗೆ ಚಿಲಕ ಹಾಕಿದಳು.

"ಎಲ್ಲಿಗೆ ಹೊರಟ್ರಿ? ಊಟ ಆಗಿಲ್ಲ ನಿಮ್ದು," ಎಂದಳು.