ಏರಿನಲ್ಲಿ ಮಗುಚಿದ ಕೆಂಪು ಬೈಕು

ಧನುಶ್ರೀ ಚಾಮರಾಜಪೇಟೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡಿದವಳು. ಎತ್ತರ ಕಡಿಮೆ, ತೋಳು ತೊಡೆಗಳಲ್ಲಿ ಕಸುವು ಜಾಸ್ತಿ. ಶಾಲೆಗೆ ಹೋಗಿಬರುವುದಕ್ಕೆ ಅವಳ ಹತ್ತಿರ ಒಂದು ಹಳೇ ಬೈಕಿತ್ತು. ಅದು ಇನ್ನೂ ಚೆನ್ನಾಗಿಯೇ ಓಡುತ್ತಿತ್ತು. ಆದರೂ ಅವಳಿಗೆ ಒಂದು ಸ್ಪೋರ್ಟ್ಸ್ ಬೈಕು ಬೇಕಾಗಿತ್ತು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು: "ಓಡ್ಸಕ್ಕೆ."

ಒಂದು ಶನಿವಾರ ಶಾಲೆ ಮುಗಿದ ಮೇಲೆ ತಮ್ಮ ಅನಿರುದ್ಧನನ್ನು ಕರೆದುಕೊಂಡು ವಿಶ್ವೇಶ್ವರಪುರದ ಶೋರೂಮಿಗೆ ಹೋದಳು. ಅನಿರುದ್ಧ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಅಕ್ಕನಿಗಿಂತ ಒಂದು ತಲೆ ಎತ್ತರ. ಮೊಬೈಲಿನಲ್ಲಿ ಬೈಕುಗಳ ವಿಡಿಯೋ ನೋಡೀ ನೋಡೀ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಬೆಳೆಸಿಕೊಂಡಿದ್ದ.

ಒಳಗೆ ಕಾಲಿಡುತ್ತಿದ್ದಂತೆ ಟೈ ಕಟ್ಟಿದ ಹುಡುಗನೊಬ್ಬ ನೇರವಾಗಿ ಅನಿರುದ್ಧನ ಹತ್ತಿರ ಬಂದ. "ಬನ್ನಿ ಸರ್, ಯಾವ ಮಾಡೆಲ್ ನೋಡ್ತಿದೀರಾ?"

"ನಾನಲ್ಲ ಗುರು, ಇವ್ರು," ಎಂದು ಅನಿರುದ್ಧ ಅಕ್ಕನ ಕಡೆ ಕೈ ತೋರಿಸಿದ.

ಹುಡುಗನ ಮುಖ ಸ್ವಲ್ಪ ಕೆಂಪಾಯಿತು. "ಸಾರಿ ಮೇಡಮ್. ನಾನು ಅಭಿರಾಮ. ಬನ್ನಿ, ತೋರಿಸ್ತೀನಿ." ಆಮೇಲಿನಿಂದ ಅವನು ಅವಳ ಜೊತೆಯೇ ಮಾತಾಡಿದ. ಆ ತಪ್ಪನ್ನು ಮತ್ತೆ ಮಾಡಲಿಲ್ಲ.

ಅವನು ತೋರಿಸಿದ ಎರಡು ಬೈಕುಗಳಲ್ಲಿ ಒಂದು ನೀಲಿ, ಚಿಕ್ಕದು, ಹಗುರ. ಇನ್ನೊಂದು ಕೆಂಪು. ಅದರ ಎಂಜಿನ್ ದೊಡ್ಡದು, ಸೀಟು ಎತ್ತರ, ಹ್ಯಾಂಡಲ್ ತಗ್ಗಿನಲ್ಲಿತ್ತು. ಧನುಶ್ರೀ ಕೆಂಪು ಬೈಕಿನ ಮೇಲೆ ಹತ್ತಿ ಕೂತಳು. ಎರಡೂ ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗಿದವು.

ಅಭಿರಾಮ ಮೆಲ್ಲಗೆ ಹೇಳಿದ. "ಮೇಡಮ್, ತಪ್ಪು ತಿಳ್ಕೋಬೇಡಿ. ನಿಮ್ಮ ಹೈಟಿಗೆ ನೀಲಿದು ಕರೆಕ್ಟಾಗಿರುತ್ತೆ. ಸಿಗ್ನಲ್ಲಲ್ಲಿ ನಿಲ್ಸೋವಾಗ ಕಾಲು ಸಿಗ್ದಿದ್ರೆ ಕಷ್ಟ."

"ಎರಡೂ ಓಡಿಸ್ತೀನಿ. ಆಮೇಲೆ ಹೇಳ್ತೀನಿ," ಎಂದಳು.

ಮೊದಲು ನೀಲಿ ಬೈಕು. ಸಜ್ಜನರಾವ್ ವೃತ್ತ ಸುತ್ತಿಕೊಂಡು, ಲಾಲ್‌ಬಾಗಿನ ಪಶ್ಚಿಮ ದ್ವಾರದ ತನಕ ಹೋಗಿ ಬಂದಳು. ಬೈಕು ಹೇಳಿದ ಮಾತು ಕೇಳಿತು. ಆಟೋಗಳ ನಡುವೆ ನುಸುಳಿತು, ಹಂಪ್ ಹಾರಿದಾಗ ಸೊಂಟಕ್ಕೆ ಏನೂ ಅನ್ನಿಸಲಿಲ್ಲ, ನಿಲ್ಲಿಸಿದಾಗ ಪಾದ ಪೂರ್ತಿ ನೆಲಕ್ಕೆ ಸಿಕ್ಕಿತು. ಹುಡುಕಿದರೂ ಒಂದು ತಪ್ಪೂ ಅವಳಿಗೆ ಸಿಗಲಿಲ್ಲ. ಆದರೆ ಇಳಿದಾಗ, ಇನ್ನೊಂದು ಸುತ್ತು ಹೋಗೋಣ ಎಂದು ಮನಸ್ಸಿಗೆ ಬರಲಿಲ್ಲ.

"ಹೆಂಗಿತ್ತಕ್ಕ?"

"ಚೆನ್ನಾಗಿದೆ. ನನ್ನ ಹಳೇ ಬೈಕೇ ಹೊಸ ಬಟ್ಟೆ ಹಾಕ್ಕೊಂಡಂಗಿದೆ."

ಅಷ್ಟರಲ್ಲಿ ಅನಿರುದ್ಧ ತಾನೂ ಕೆಂಪು ಬೈಕನ್ನು ಒಂದು ರೌಂಡು ನೋಡುತ್ತೇನೆ ಎಂದು ಹೆಲ್ಮೆಟ್ ಹಾಕಿಕೊಂಡ. ಹೋದಷ್ಟೇ ಬೇಗ ವಾಪಸ್ ಬಂದ. ಇಳಿದವನೇ ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಬೆನ್ನು ನೆಟ್ಟಗೆ ಮಾಡಿಕೊಂಡ.

"ಅಯ್ಯೋ, ದೇವಸ್ಥಾನದಲ್ಲಿ ಅಡ್ಡ ಬಿದ್ದಂಗೆ ಕೂತ್ಕೋಬೇಕು ಅಕ್ಕ! ಭಾರ ಎಲ್ಲಾ ಕೈ ಮೇಲೇ. ಟ್ರಾಫಿಕ್ಕಲ್ಲಿ ಕಾಲಿಗೆ ಬಿಸಿ ಬೇರೆ ಹೊಡೆಯುತ್ತೆ. ನೋಡಕ್ಕೆ ಸೂಪರ್, ಓಡ್ಸಕ್ಕೆ ನಂಗಾಗಲ್ಲ."

"ನಿನ್ನ ಕೈಯನ್ನ ಯಾರು ಕೇಳಿದ್ರು? ಕೀ ಕೊಡು."

ಸಾಮಾನ್ಯವಾಗಿ ಶೋರೂಮಿನವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಆ ಬೈಕಿನ ಹಿಂದಿನ ಸೀಟು ಅಂಗೈಯಗಲ. ಅದೂ ಅಲ್ಲದೆ ಧನುಶ್ರೀ ಒಬ್ಬಳೇ ಓಡಿಸಬೇಕು ಎಂದಳು. ಅಭಿರಾಮ ಶೋರೂಮಿನ ಸ್ಕೂಟರ್ ತೆಗೆದು ಅನಿರುದ್ಧನನ್ನು ಹಿಂದೆ ಕೂರಿಸಿಕೊಂಡು ಅವಳನ್ನು ಹಿಂಬಾಲಿಸಿದ.

ಮೊದಲ ತಿರುವಿನಲ್ಲೇ ಅವಳಿಗೆ ವ್ಯತ್ಯಾಸ ಗೊತ್ತಾಯಿತು. ಈ ಬೈಕು ಹ್ಯಾಂಡಲ್ ತಿರುಗಿಸಿದರೆ ತಿರುಗುವಂಥದ್ದಲ್ಲ. ಮೈ ವಾಲಿಸಬೇಕು, ಮಂಡಿಯಿಂದ ಟ್ಯಾಂಕನ್ನು ಅಪ್ಪಬೇಕು, ಹೊಟ್ಟೆ ಬಿಗಿಹಿಡಿದು ಕೈಯ ಮೇಲಿನ ಭಾರ ಇಳಿಸಬೇಕು. ಕಬಡ್ಡಿಯಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗುವಾಗ ಅವಳ ಮೈ ತಾನಾಗಿಯೇ ಹೀಗೆ ಬಗ್ಗುತ್ತಿತ್ತು. ಆಕ್ಸಲರೇಟರ್ ಸ್ವಲ್ಪ ತಿರುವಿದಳು. ಎಂಜಿನ್ ಎದೆಯೊಳಗಿನಿಂದ ಹೂಂಕರಿಸಿದಂತೆ ಸದ್ದು ಮಾಡಿ ಮುಂದಕ್ಕೆ ಎಳೆಯಿತು. ಹೆಲ್ಮೆಟ್ಟಿನೊಳಗೆ ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು.

ಗಾಂಧಿ ಬಜಾರ್ ದಾಟುವಷ್ಟರಲ್ಲಿ ಸ್ಕೂಟರ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಹಿಂದೆ ಉಳಿಯಿತು. ಧನುಶ್ರೀ ಬಸವಣ್ಣನ ದೇವಸ್ಥಾನದ ಕಡೆಗಿನ ಏರಿನಲ್ಲಿ ಹೋಗುತ್ತಿದ್ದಳು. ಪಕ್ಕದ ಕ್ರಾಸಿನಿಂದ ನೀರಿನ ಟ್ಯಾಂಕರೊಂದು ಹಾರ್ನ್ ಕೂಡ ಮಾಡದೆ ರಿವರ್ಸ್‌ನಲ್ಲಿ ಬಂತು. ಅವಳು ಬ್ರೇಕ್ ಹಾಕಿದಳು. ಬೈಕು ಸರಿಯಾಗಿಯೇ ನಿಂತಿತು. ಆದರೆ ಎಡಗಾಲು ಕೆಳಗಿಟ್ಟರೆ ಅಲ್ಲಿ ನೆಲವೇ ಇರಲಿಲ್ಲ. ಯಾವುದೋ ಪೈಪಿಗೆ ಅಗೆದು ಮುಚ್ಚಿದ್ದ ಜಾಗ ಕುಸಿದು ತಗ್ಗಾಗಿತ್ತು. ಬೈಕು ಎಡಕ್ಕೆ ವಾಲಿತು. ಒಂದು ಮಟ್ಟದ ತನಕ ತಡೆದು ಹಿಡಿದಳು. ಅದು ಮೀರಿದ ಮೇಲೆ ಭಾರ ಕೈಬಿಟ್ಟುಹೋಯಿತು. ಅವಳು ಕಾಲು ಎಳೆದುಕೊಂಡು ಪಕ್ಕಕ್ಕೆ ನೆಗೆದಳು. ಕೆಂಪು ಬೈಕು ರಸ್ತೆಯ ಮೇಲೆ ಮಗುಚಿ ಬಿತ್ತು. ಎಂಜಿನ್ ನಿಂತುಹೋಯಿತು.

ಟ್ಯಾಂಕರಿನವನು ಕಿಟಕಿಯಿಂದ ಒಮ್ಮೆ ನೋಡಿ ಹೋಗಿಯೇಬಿಟ್ಟ. ಫುಟ್‌ಪಾತಿನಲ್ಲಿದ್ದ ಎಳನೀರು ಮಾರುವವರು ಮಚ್ಚು ಕೆಳಗಿಟ್ಟು ಓಡಿ ಬಂದರು.

"ಪೆಟ್ಟಾಯ್ತೇನಮ್ಮ? ನೀನು ಈ ಕಡೆ ಬಾ, ನಾನು ಎತ್ತಿ ಕೊಡ್ತೀನಿ."

"ಏನೂ ಆಗಿಲ್ಲ ಅಣ್ಣ. ಒಂದ್ನಿಮಿಷ, ನಾನೇ ಎತ್ತುತ್ತೀನಿ. ನೀವು ಆ ಕಡೆ ನಿಂತ್ಕೊಳ್ಳಿ, ಅತ್ಲಾಗೆ ಮಗುಚ್ಕೊಳ್ದಂಗೆ ಹಿಡ್ಕೊಂಡ್ರೆ ಸಾಕು."

ಅವಳು ಕೀ ಆಫ್ ಮಾಡಿದಳು. ಬೈಕಿಗೆ ಬೆನ್ನು ಕೊಟ್ಟು, ಸೊಂಟವನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕುರುಗಾಲಲ್ಲಿ ಕೂತಳು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಚೌಕಟ್ಟು. ಉಸಿರು ಬಿಗಿಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತಾ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟಳು. ತೊಡೆ ನಡುಗಿತು. ಬೈಕು ಮೊದಲು ಮಿಸುಕಲಿಲ್ಲ. ಆಮೇಲೆ ನಿಧಾನವಾಗಿ ಎದ್ದಿತು, ಅರ್ಧ ದಾಟಿದ ಮೇಲೆ ಸಲೀಸಾಗಿ ನೆಟ್ಟಗೆ ನಿಂತಿತು. ಎಳನೀರಿನವರು ಆ ಕಡೆಯಿಂದ ಆತುಕೊಂಡರು.

"ಭಲೇ!" ಎಂದರು ಅವರು, ನಿಜವಾಗಿಯೂ ಖುಷಿಯಾಗಿ.

ಎಡಗಡೆಯ ಕನ್ನಡಿ ಒಡೆದಿತ್ತು. ಕ್ಲಚ್ಚಿನ ತುದಿ ಬಾಗಿತ್ತು. ಕೆಂಪು ಬಣ್ಣದ ಮೇಲೆ ಒಂದು ಉದ್ದ ಗೀರು. ಅವಳು ಅದನ್ನೆಲ್ಲ ನೋಡಿದಳು. ಎದೆ ಬಡಿದುಕೊಳ್ಳುತ್ತಿತ್ತು, ಆದರೆ ಅದು ಭಯವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಶೋರೂಮಿನಲ್ಲಿ ತುದಿಬೆರಳು ನೆಲಕ್ಕೆ ತಾಗಿದಾಗಿನಿಂದಲೂ ಒಳಗೊಳಗೇ ಇದ್ದ ಅಳುಕು ಈಗ ಇರಲಿಲ್ಲ. ಬಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಾಗಿತ್ತು. ಈ ಬೈಕಿನ ಭಾರ ಎಷ್ಟು ಎಂಬುದೂ ಈಗ ಬೆನ್ನಿಗೇ ಗೊತ್ತಿತ್ತು.

ವಾಪಸ್ ತಿರುಗಬಹುದಿತ್ತು. ಅವಳು ತಿರುಗಲಿಲ್ಲ. ಕೀ ಆನ್ ಮಾಡಿ, ಸ್ಟಾರ್ಟ್ ಒತ್ತಿ, ಏರು ಹತ್ತಿದಳು. ಆಮೇಲೆ ನಿಲ್ಲಿಸಬೇಕಾದ ಕಡೆಯೆಲ್ಲ ಮೊದಲೇ ನೆಲ ನೋಡಿದಳು. ಸೊಂಟವನ್ನು ಸೀಟಿನ ಒಂದು ಪಕ್ಕಕ್ಕೆ ಜಾರಿಸಿ ಒಂದೇ ಕಾಲನ್ನು ಪೂರ್ತಿ ಊರಿದಳು. ಎರಡು ಸಲ ಮಾಡುವಷ್ಟರಲ್ಲಿ ಅದು ರೂಢಿಯಾಯಿತು. ಎನ್.ಆರ್. ಕಾಲೋನಿಯ ಮರಗಳ ಕೆಳಗಿನ ಖಾಲಿ ರಸ್ತೆಯಲ್ಲಿ ಬೈಕು ಅವಳ ಮೈಗೆ ಹೊಂದಿಕೊಂಡಂತೆ ಓಡಿತು.

ಶೋರೂಮಿಗೆ ಬಂದಾಗ, ಅವಳು ಕಾಣದೆ ವಾಪಸಾಗಿದ್ದ ಅಭಿರಾಮ, ಅನಿರುದ್ಧ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು. ಒಡೆದ ಕನ್ನಡಿ ನೋಡಿ ಅಭಿರಾಮ ಬೈಕಿನ ಹತ್ತಿರ ಓಡಿ ಬಂದ.

ಧನುಶ್ರೀ ಹೆಲ್ಮೆಟ್ ತೆಗೆಯುತ್ತಾ ಹೇಳಿದಳು. "ಬಿದ್ದೋಯ್ತು. ನಿಂತಿದ್ದಾಗ, ಏರಲ್ಲಿ. ನನಗೇನೂ ಆಗಿಲ್ಲ. ರಿಪೇರಿದು ನಾನು ಕೊಡ್ತೀನಿ, ನಿಮ್ಮ ಮೇಲೆ ಬರೋದು ಬೇಡ."

ಮ್ಯಾನೇಜರ್ ಚಿದಂಬರ ಹೊರಗೆ ಬಂದರು. ಬೈಕಿನ ಸುತ್ತ ಒಂದು ಸಲ ತಿರುಗಿ ನೋಡಿ, "ಡೆಮೊ ಗಾಡಿಗೆ ಇನ್ಶೂರೆನ್ಸ್ ಇದೆ, ಅದು ಬಿಡಿ," ಎಂದರು. ಆಮೇಲೆ ಸಮಾಧಾನದ ದನಿಯಲ್ಲಿ, "ಪರವಾಗಿಲ್ಲಮ್ಮ, ನೀಲಿದೇ ಬುಕ್ ಮಾಡ್ಬಿಡೋಣ. ಅದೂ ಒಳ್ಳೇ ಗಾಡಿನೇ," ಎಂದರು.

"ಇಲ್ಲ ಸರ್. ಕೆಂಪುದೇ ಬೇಕು."

"ಅಕ್ಕ!" ಅನಿರುದ್ಧ ತಡೆದ. "ಈಗ ತಾನೇ ಬೀಳಿಸ್ಕೊಂಡು ಬಂದಿದೀಯಾ!"

"ಅದಕ್ಕೇ ಹೇಳ್ತಿರೋದು. ಬಿದ್ದಿದ್ದನ್ನ ಎತ್ಕೊಂಡು, ಅದರ ಮೇಲೇ ಕೂತ್ಕೊಂಡು ಬಂದಿದೀನಿ."

ಚಿದಂಬರ ಅವಳನ್ನು ಒಂದು ಕ್ಷಣ ನೋಡಿ ಅಭಿರಾಮನ ಕಡೆ ತಿರುಗಿದರು. "ಬುಕಿಂಗ್ ಮಾಡಪ್ಪ. ಮೇಡಮ್ಮಿಗೆ ಸೀಟು ಸ್ವಲ್ಪ ತಗ್ಗಿಸಕ್ಕಾಗುತ್ತಾ ವರ್ಕ್‌ಶಾಪಲ್ಲಿ ಕೇಳು."

"ಬೇಡ ಸರ್, ಕಂಪನಿಯವರು ಕೊಟ್ಟಂಗೇ ಇರ್ಲಿ," ಎಂದಳು ಧನುಶ್ರೀ.

ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಬಿದ್ದದ್ದನ್ನೂ ಮುಚ್ಚಿಡದೆ ಹೇಳಿದಳು. ಅಪ್ಪ ಲಕ್ಷ್ಮಯ್ಯ ಎಲ್ಲಿ ಬಿತ್ತು, ಯಾವ ಕಡೆಗೆ ಬಿತ್ತು, ಹೇಗೆ ಎತ್ತಿದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಅಮ್ಮ ಗಂಗರತ್ನಮ್ಮ ಮಾತ್ರ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದರು.

"ಇನ್ಮೇಲೆ ಬೀಳಲ್ಲ ಅಂತ ಮಾತು ಕೊಡು. ಆಮೇಲೆ ತಗೋ."

"ಆ ಮಾತು ಹೆಂಗಮ್ಮ ಕೊಡ್ಲಿ? ಹುಷಾರಾಗಿ ಓಡಿಸ್ತೀನಿ. ಜಾಕೆಟ್ಟು, ಗ್ಲೌಸು, ಬೂಟು ಇಲ್ದೆ ಹತ್ತಲ್ಲ. ಇಷ್ಟಕ್ಕೆ ಬೇಕಾದ್ರೆ ಮಾತು ಕೊಡ್ತೀನಿ."

ಗಂಗರತ್ನಮ್ಮ ಸೌಟನ್ನು ಪಾತ್ರೆಗೆ ಇಟ್ಟರು. ಮಗಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, "ಗ್ಲೌಸು ಒಳ್ಳೇದೇ ತಗೋ. ಅಗ್ಗದ್ದು ಬೇಡ," ಎಂದರು.

ಬೈಕು ಕೈಗೆ ಬಂದ ದಿನ ಶೋರೂಮಿನಲ್ಲೇ ಪೂಜೆಯಾಯಿತು. ಗಂಗರತ್ನಮ್ಮ ತಾವೇ ಕಟ್ಟಿದ ಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಪಕ್ಕಕ್ಕೆ ಸರಿದು ನಿಂತರು. ಧನುಶ್ರೀ ಹತ್ತಿ ಕೂತು ಬೈಕನ್ನು ಮೆಲ್ಲಗೆ ಮುಂದಕ್ಕೆ ಉರುಳಿಸಿದಳು. ನಿಂಬೆಹಣ್ಣು ಚಪ್ಪಟೆಯಾದ ಸದ್ದು ಕೇಳಿ ಅಮ್ಮ ಕೈಮುಗಿದರು. ಅನಿರುದ್ಧ ಅವರನ್ನು ಆಟೋದಲ್ಲಿ ಕರೆದುಕೊಂಡು ಬರುತ್ತೇನೆ ಎಂದ.

ಅವಳು ರಸ್ತೆಗಿಳಿದಳು. ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಸುತ್ತ ಬಸ್ಸು, ಆಟೋ, ಸ್ಕೂಟರು. ಧನುಶ್ರೀ ಸೊಂಟ ಜಾರಿಸಿ ಒಂದು ಕಾಲು ಊರಿ ನಿಂತಳು. ಪಕ್ಕದ ಆಟೋದವರು ತಲೆ ಹೊರಗೆ ಹಾಕಿ ಬೈಕನ್ನು ಮೇಲಿಂದ ಕೆಳಗೆ ನೋಡಿದರು.

"ಮೈಲೇಜ್ ಎಷ್ಟ್ ಕೊಡುತ್ತೆ ಮೇಡಮ್?"

"ಇವತ್ತೇ ತಗೊಂಡಿದ್ದು ಸರ್, ಇನ್ನೂ ನೋಡಿಲ್ಲ," ಎಂದಳು. ದೀಪ ಹಸಿರಾಯಿತು. ಅವಳು ಕ್ಲಚ್ ಬಿಟ್ಟು, ಮನೆಯ ಕಡೆ ತಿರುಗದೆ, ನೇರ ರಸ್ತೆ ಹಿಡಿದಳು.