ರಾದಿವೊಯೆ ಬಿಟ್ಟುಹೋದ ಟಿಪ್ಪಣಿ

ಕೋಡ್ ಬರೆಯುವವರಿಗೆ ಒಂದು ಕೆಟ್ಟ ಚಾಳಿ. ಕಪ್ಪು ಪರದೆ ಏನು ಕೇಳಿದರೂ ಓದದೆ 'ಹೂಂ' ಒತ್ತಿಬಿಡುತ್ತಾರೆ. ನೀಶ್ ಪಟ್ಟಣದ ಯಗೊದಾ ಇಪ್ಪತ್ತು ವರ್ಷ ಹಾಗೆಯೇ ಒತ್ತುತ್ತ ಬಂದಿದ್ದಳು. ಏನೂ ಆಗಿರಲಿಲ್ಲ.

ಆ ಗುರುವಾರ ಮಾಲೀಕ ನೆಗೊವಾನ್ ತಲೆಯ ಮೇಲೆ ಕೂತಿದ್ದ. ಚಳಿಗಾಲದಲ್ಲಿ ಊರ ಮನೆಗಳಿಗೆಲ್ಲ ಬಿಸಿನೀರು ಹರಿಸುವ ಸ್ಥಾವರ ಇವರ ತಂತ್ರಾಂಶದಿಂದಲೇ ನಡೆಯುವುದು. ಅದರ ಕೈಪಿಡಿ ಮರುದಿನವೇ ಬೇಕಿತ್ತು.

"ಎಐಗೆ ಒಂದು ಸಾಲು ಹೊಡಿ. ಕೋಡೆಲ್ಲ ಓದಿ ಅದೇ ಬರ್ದು ಕೊಡುತ್ತೆ. ನೀನು ಕಾಫಿ ಕುಡೀತಾ ಕೂತ್ಕೋ," ಎಂದ.

ಯಗೊದಾ ಸಾಲು ಹೊಡೆದಳು. ಈ ಫೋಲ್ಡರ್ ತೆರೆಯಲೇ? ಹೂಂ. ಇದನ್ನು ಓದಲೇ? ಹೂಂ. ಇದೇ ಹೆಸರಿನ ಹಳೆಯ ಫೈಲ್ ಇದೆ, ಅದನ್ನು ಅಳಿಸಿ ಹೊಸದು ಬರೆಯಲೇ? ಹೂಂ. ಕಾಫಿ ಮುಗಿಯುವಷ್ಟರಲ್ಲಿ ಅರವತ್ತು ಪುಟ ಸಿದ್ಧ. ಪರದೆ ಮುಚ್ಚುವಾಗಲಷ್ಟೇ ಅಳಿಸಿದ ಫೈಲಿನ ಹೆಸರನ್ನು ಅವಳು ಓದಿದಳು.

ಅಳಿಸಿಹೋದದ್ದು ರಾದಿವೊಯೆ ಚಿಕ್ಕಪ್ಪನ ಟಿಪ್ಪಣಿ. ಅವಳಿಗೆ ಕೆಲಸ ಕಲಿಸಿದ ಮನುಷ್ಯ, ಹೋದ ತಿಂಗಳು ತೀರಿಕೊಂಡಿದ್ದ. ಹದಿನೆಂಟು ವರ್ಷದ ಬೈಗುಳ, ತಮಾಷೆ, ಎಚ್ಚರಿಕೆ ಎಲ್ಲವೂ ಆ ಒಂದೇ ಫೈಲಿನಲ್ಲಿತ್ತು. "ಮನೆ ಮಾತು ಬೀದಿಗೆ ಬೇಡ," ಎಂದು ಅದರ ನಕಲು ಎಲ್ಲೂ ಉಳಿಯದಂತೆ ತಾನೇ ಮಾಡಿಟ್ಟಿದ್ದ. ಶನಿವಾರ ಅವನು ತೀರಿಕೊಂಡ ನಲವತ್ತನೆಯ ದಿನ, ಗೋರಿಯ ಬಳಿ ಸ್ಮರಣೆಯಿತ್ತು. "ಮನೇಲಿ ಒಂದು ಚೀಟಿನೂ ಬರೆದವರಲ್ಲ. ಅಲ್ಲಿ ಬರೆದಿದ್ದನ್ನಾದ್ರೂ ತಂದ್ಕೊಡು ಮಗಳೇ," ಎಂದು ಅವನ ಹೆಂಡತಿ ಸ್ತಮೆಂಕಾ ಕೇಳಿದ್ದಳು. ಯಗೊದಾ ಮಾತು ಕೊಟ್ಟಿದ್ದಳು.

ಅವಳಿಗೆ ನೆನಪಿದ್ದದ್ದು ಎರಡೇ ಸಾಲು. "ಮೂರನೇ ಪಂಪಿಗೆ ಐವತ್ತು ಸೆಕೆಂಡು ಕಾಯಿ. ಎದ್ದ ತಕ್ಷಣ ಬೈದರೆ ಅದೂ ನನ್ನ ಹಾಗೆ ಮುಷ್ಕರ ಹೂಡುತ್ತೆ."

"ಆ ಎರಡು ಸಾಲು ಎಐಗೆ ಕೊಡು, ಅವನ ಥರಾನೇ ಬರೆಯುತ್ತೆ," ಎಂದ ನೆಗೊವಾನ್. "ಆಯಮ್ಮಂಗೆ ಏನು ಗೊತ್ತಾಗುತ್ತೆ?"

ಅದು ಹನ್ನೆರಡು ಪುಟ ಬರೆಯಿತು. ಯಗೊದಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಪ್ರಿಂಟ್ ತೆಗೆದಳು, ಬರಿಗೈಯಲ್ಲಿ ಹೋಗುವ ಧೈರ್ಯ ಅವಳಿಗಿರಲಿಲ್ಲ.

ಶನಿವಾರ ಗೋರಿಯ ಮೇಲೆ ವೈನ್ ಸುರಿದಾಯಿತು, ಪಾದ್ರಿ ಹೊರಟರು. ಸ್ತಮೆಂಕಾ ಅಲ್ಲೇ ಬೆಂಚಿನ ಮೇಲೆ ಕೂತು ಹಾಳೆಗಳನ್ನು ಓದಿದಳು. ಒಂದು ಕಡೆ ಅವಳ ಬೆರಳು ನಿಂತಿತು.

"'ಹೆದರಬೇಡ ಮಗಳೇ, ಏನೇ ಕೆಟ್ಟರೂ ನಾನಿದ್ದೇನೆ.' ಮೂವತ್ತೆಂಟು ವರ್ಷ ಸಂಸಾರ ಮಾಡಿದೆ. ಗರ್ಭ ಹೋದಾಗ್ಲೂ ನಂಗೆ ಈ ಮಾತು ಅನ್ಲಿಲ್ಲ ಅವರು. ಪಾಪ, ಹಾಗೆಲ್ಲ ಅನ್ನೋಕೆ ಬರಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಬರ್ತಿತ್ತಲ್ಲ."

ಯಗೊದಾ ಹಾಳೆಯ ಮೇಲೆ ಕೈಯಿಟ್ಟಳು. "ಚಿಕ್ಕಮ್ಮ, ಅದು ಚಿಕ್ಕಪ್ಪ ಬರೆದಿದ್ದಲ್ಲ. ಅವರದ್ದು ನನ್ನ ಕೈಯಿಂದ ಅಳಿಸಿಹೋಯ್ತು. ಇದು ಮೆಷೀನು ಬರೆದಿದ್ದು. ಅವರು ನಂಗೂ ಹಾಗೆ ಯಾವತ್ತೂ ಅಂದಿಲ್ಲ."

ಸ್ತಮೆಂಕಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಮೆಷೀನು ಹೀಗೆ ಬರೆಯುತ್ತಾ? ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ ಮಗಳೇ."

ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಸತ್ತವನ ಹೆಸರಿನಲ್ಲಿ ಬಂದವರಿಗೆಲ್ಲ ಕೊಡುವ ಬೇಯಿಸಿದ ಗೋಧಿಯನ್ನು ಒಂದು ಚಮಚ ತೆಗೆದು ಯಗೊದಾಳ ಮುಂದೆ ಹಿಡಿದಳು.