ಕಾಕಾ ಅಂದರೆ ಯಾರು

ಬೆಳಗಾವಿ ಕೋರ್ಟಿನ ವರಾಂಡದಲ್ಲಿ ಗಂಗಾದೇವಿ ಆರನೆಯ ಸಲ ಎದ್ದು ನಿಂತಳು. ಬೆಂಚಿನ ತುದಿಗೆ ಕೂತಿದ್ದ ಯಾರೋ ಹೆಂಗಸು, "ಕುಂದರ್ರಿ ಯವ್ವಾ, ನೀವು ನಿಂತ್ರ ಕೋರ್ಟ್ ಲಗೂನ ನಡೀತೈತೇನು?" ಎಂದು ನಕ್ಕಳು. ಕೂರುವುದು ಗಂಗಾದೇವಿಗೂ ಬೇಕಿತ್ತು, ಮೊಣಕಾಲು ಅದನ್ನೇ ಬೇಡುತ್ತಿತ್ತು. ಆದರೆ ಕೂತರೆ ಎದುರಿಗೆ ನಿಂತವರ ಮುಖ ನೋಡಬೇಕಾಗುತ್ತಿತ್ತು, ಎದ್ದರೆ ಅದು ತಪ್ಪುತ್ತಿತ್ತು. ಹೀಗಾಗಿ ಮುದುಕಿ ಬಾಗಿಲಿನಿಂದ ನೀರಿನ ಟಾಕಿಗೆ, ಟಾಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಇದ್ದಳು.

ಎದುರಿನ ಗೋಡೆಗೆ ಒರಗಿ ಅವಳ ನಡುವಿನ ಮಗ ವಿನಯ ನಿಂತಿದ್ದ. ಪಕ್ಕದಲ್ಲಿ ಅವನ ಮಗಳು ದಾನೇಶ್ವರಿ. ಹನ್ನೊಂದು ವರ್ಷದ ಆ ಹುಡುಗಿಗೆ ಇವತ್ತು ಕೋರ್ಟಿನಲ್ಲಿ ಏನೂ ಕೆಲಸವಿರಲಿಲ್ಲ. ಅವಳ ಸಾಕ್ಷಿ ಹೋದ ತಿಂಗಳೇ ಮುಗಿದಿತ್ತು. ಆದರೂ ವಿನಯ ಶಾಲೆ ಬಿಡಿಸಿ ಕರೆತಂದಿದ್ದ. ಯಾಕೆಂದು ಗಂಗಾದೇವಿಗೆ ಗೊತ್ತಿತ್ತು. ಕಟಕಟೆ ಹತ್ತುವ ಮೊದಲು ಅವ್ವ ಒಮ್ಮೆ ಈ ಹುಡುಗಿಯ ಮುಖ ನೋಡಲಿ ಎಂದೇ ತಂದಿದ್ದ.

ಐದು ವರ್ಷದ ಹಿಂದೆ, ಖಾನಾಪುರ ತಾಲೂಕಿನ ಪಾರಿಶ್ವಾಡದ ಅವರ ಮನೆಯಲ್ಲಿ, ವಿನಯನ ಹೆಂಡತಿ ನಾಗರತ್ನಾ ತಲೆಗೆ ಪೆಟ್ಟು ಬಿದ್ದು ಸತ್ತಿದ್ದಳು. ಬಾಗಿಲಿನ ಅಗಳಿಯಿಂದ ಹೊಡೆದ ಪೆಟ್ಟು. ಕಣ್ಣಾರೆ ಕಂಡವಳು ಆಗ ಆರು ವರ್ಷದ ದಾನೇಶ್ವರಿ ಒಬ್ಬಳೇ. ಮಹಿಳಾ ಪೊಲೀಸರು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಾಗ ಅವಳು ಹೇಳಿದ್ದು ಎರಡೇ ಶಬ್ದ: "ಕಾಕಾ ಬಡದ."

ಫೌಜದಾರ ಮೈಸೂರು ಕಡೆಯವ, ಇಲ್ಲಿ ಚಿಕ್ಕಪ್ಪನಿಗೆ ಕಾಕಾ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ಗಂಗಾದೇವಿಯನ್ನು, "ಕಾಕಾ ಅಂದ್ರೆ ಯಾರಮ್ಮ?" ಎಂದು ಕೇಳಿದ. ಅವಳು "ಈರಣ್ಣ" ಎಂದಳು. ಈರಣ್ಣ ಅವಳ ಕಿರಿಯ ಮಗ, ಮದುವೆಯಾಗದವ, ಹುಡುಗಿಗೆ ಚಿಕ್ಕಪ್ಪ. ಎರಡು ದಿನದ ಹಿಂದಷ್ಟೇ ಕುಡಿದು ಬಂದು ಊರ ನಳದ ಮುಂದೆ ಅತ್ತಿಗೆಯ ಜೊತೆ ಜಗಳ ಕಾದಿದ್ದ, ಊರೆಲ್ಲ ಕೇಳಿತ್ತು. ಇಷ್ಟು ಸಾಕಾಯಿತು. ಬರೆದುಕೊಳ್ಳುವವರು "ನನ್ನ ಚಿಕ್ಕಪ್ಪ ಈರಣ್ಣ ಹೊಡೆದನು" ಎಂದು ಹುಡುಗಿಯೇ ಹೇಳಿದ ಹಾಗೆ ಬರೆದರು. ಮುದುಕಿಯನ್ನು ಕೇಳಿದ್ದು ಯಾವ ಕಾಗದದಲ್ಲೂ ಬರಲಿಲ್ಲ.

ಮನೆಯೊಳಗಿನ ಸಂಗತಿ ಬೇರೆಯೇ ಇತ್ತು. ಹಿರಿಯ ಮಗ ಗುರುಪುತ್ರಪ್ಪನ ಮಕ್ಕಳು ವಿನಯನನ್ನು ಕಾಕಾ ಎನ್ನುತ್ತಿದ್ದರು. ಕೂಡಿದ ಮನೆಯಲ್ಲಿ ದೊಡ್ಡ ಮಕ್ಕಳು ಕರೆದ ಹಾಗೆ ಚಿಕ್ಕವೂ ಕರೆಯುತ್ತವೆ. ದಾನೇಶ್ವರಿಯೂ ಮಾತು ಬಂದಾಗಿನಿಂದ ಹೆತ್ತ ಅಪ್ಪನನ್ನೇ ಕಾಕಾ ಎನ್ನುತ್ತಿದ್ದಳು. ಈರಣ್ಣ ಅವಳಿಗೆ ಸಣ್ಣ ಕಾಕಾ. ಆ ಕಡೆ ಇಂಥ ಮನೆಗಳು ಬೇಕಾದಷ್ಟಿವೆ, ಯಾರೂ ಇದನ್ನು ವಿಶೇಷ ಎಂದುಕೊಳ್ಳುವುದಿಲ್ಲ.

ಅವತ್ತು ಗಂಗಾದೇವಿ ಗಿರಣಿಯಿಂದ ಹಿಟ್ಟು ಹೊತ್ತು ಬಂದಾಗ ವಿನಯ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ತಾಯಿಯ ಕಡೆ ತಿರುಗದೆ, "ಬಿದ್ಲಬೇ" ಎಂದ. ಅವಳಿಗೆ ಅಷ್ಟೇ ಸಾಕು, ಎಲ್ಲ ತಿಳಿದುಹೋಯಿತು. ಕೂಸಿಗೆ ತಾಯಿ ಹೋದಳು, ಅಪ್ಪನೂ ಜೈಲು ಪಾಲಾದರೆ ಅದನ್ನು ಯಾರು ನೋಡಬೇಕು? ಈರಣ್ಣನದು ಒಂಟಿ ಜೀವ, ತಪ್ಪು ಮಾಡಿಲ್ಲ, ನಾಲ್ಕು ದಿನ ಇಟ್ಟುಕೊಂಡು ಬಿಟ್ಟುಬಿಡುತ್ತಾರೆ. ಫೌಜದಾರ ಕೇಳಿ ಬಾಯಿ ಮುಚ್ಚುವುದರೊಳಗೆ ಆ ತಾಯಿ ಇಷ್ಟೆಲ್ಲ ಯೋಚಿಸಿಬಿಟ್ಟಿದ್ದಳು. ಕೋರ್ಟು ಕಚೇರಿ ಕಾಣದವರು ಮಾತ್ರ ನಾಲ್ಕು ದಿನ ಎನ್ನುತ್ತಾರೆ. ಖಾನಾಪುರದ ಕೋರ್ಟು ಕೇಸನ್ನು ಬೆಳಗಾವಿಗೆ ಕಳಿಸಿತು. ಬೆಳಗಾವಿ ಜಾಮೀನು ಕೊಡಲಿಲ್ಲ, ಧಾರವಾಡದ ಹೈಕೋರ್ಟೂ ಕೊಡಲಿಲ್ಲ. ನಡುವೆ ಕೊರೋನಾ ಬಂತು, ಜಡ್ಜರು ಬದಲಾದರು, ತಾರೀಖಿನ ಮೇಲೆ ತಾರೀಖು ಬಿದ್ದವು, ಈರಣ್ಣ ಒಳಗೇ ಉಳಿದ.

ಮನೆಯಲ್ಲಿ ಹುಡುಗಿಯ ಬಾಯಿ ತಿದ್ದುವ ಕೆಲಸವನ್ನು ಗಂಗಾದೇವಿಯೇ ಹಿಡಿದಳು. ಕಾಕಾ ಎಂದಾಗಲೆಲ್ಲ ಬಾಯಿಯ ಮೇಲೆ ಒಂದು ಏಟು. ಎರಡು ತಿಂಗಳಲ್ಲಿ ಹುಡುಗಿ "ಅಪ್ಪಾ" ಎನ್ನತೊಡಗಿತು. ಈರಣ್ಣ ತನ್ನ ವಕೀಲೆಗೆ ನಿಜ ಸಂಗತಿ ಹೇಳಿದ್ದ. ಆದರೆ ಮನೆಯವರೆಲ್ಲ ಸಾಕ್ಷಿಗೆ ಬಂದು, ಹುಡುಗಿ ಅಪ್ಪನಿಗೆ ಮೊದಲಿಂದಲೂ ಅಪ್ಪಾ ಎಂದೇ ಕರೆಯುವುದು ಎಂದು ಒಂದೇ ಬಾಯಲ್ಲಿ ಹೇಳಿ ಹೋದರು. ಹೋದ ತಿಂಗಳು ಹುಡುಗಿಯೂ ಹಾಗೇ ಹೇಳಿತು. ಇನ್ನು ಉಳಿದವಳು ಗಂಗಾದೇವಿ. ಅವಳೂ ಅದನ್ನೇ ಹೇಳಿದರೆ ಈರಣ್ಣನಿಗೆ ಜೀವಾವಧಿ ಎಂದು ಕೋರ್ಟಿನ ಚಹಾದಂಗಡಿಯವನಿಗೂ ಗೊತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಅವಳನ್ನು ತಿನ್ನುತ್ತಿದ್ದುದು ಈರಣ್ಣನ ಮಾತು. ಹಿಂಡಲಗಾ ಜೈಲಿಗೆ ಹೋದಾಗಲೆಲ್ಲ ಅವನೇ ಇವಳಿಗೆ ಸಮಾಧಾನ ಹೇಳುತ್ತಿದ್ದ. "ಪೊಲೀಸರು ಕಾಕಾ ಅನ್ನೂದು ತಿಳೀಲಾರದ ನನ್ನ ಹೆಸರ ಬರದಾರಬೇ. ನೀ ಅಳಬ್ಯಾಡ. ವಿನಯಣ್ಣಗ ಅಂಜಿ ಸುಮ್ಮನದಿ, ನನಗ ಗೊತ್ತೈತಿ." ಹೆಸರು ಕೊಟ್ಟವಳು ಎದುರಿಗೇ ನಿಂತಿದ್ದಾಳೆಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ.

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ದಾನೇಶ್ವರಿ ಅವಳ ಪಕ್ಕ ಕೂತಿತ್ತು, ವಿನಯ ಮುಂದಿನ ಸೀಟಿನಲ್ಲಿ. ಪೀರನವಾಡಿ ದಾಟುವಾಗ ಅವನು ಫೋನಿನಲ್ಲಿ ಮಾತಿಗಿಳಿದದ್ದನ್ನು ನೋಡಿ ಹುಡುಗಿ ಅಜ್ಜಿಯನ್ನು ಮೆಲ್ಲಗೆ ಕೇಳಿತು.

"ಆಯಿ, ಸಣ್ಣ ಕಾಕಾ ನನ್ನ ಸಲುವಾಗಿ ಜೇಲಿನ್ಯಾಗ ಅದಾನೇನ?"

"ಸುಮ್ಮನ ಕುಂದರು."

"ಅವತ್ತ ಪೊಲೀಸರಿಗೆ ನಾ ಖರೇನ ಹೇಳಿದ್ನಲ್ಲ ಆಯಿ. ಕಾಕಾ ಅಂತನ ಹೇಳಿದ್ನಿ. ಅವನ ಹೆಸರ ನಾ ಹೇಳೇ ಇಲ್ಲ. ಅವರು ಯಾಕ ಹಂಗ ಬರಕೊಂಡ್ರು?"

ಯಾವ ಕೂಸಿಗಾಗಿ ಇಷ್ಟೆಲ್ಲ ಮಾಡಿದಳೋ ಆ ಕೂಸೇ ಪಾಪವನ್ನು ತನ್ನ ತಲೆಗೆ ಕಟ್ಟಿಕೊಂಡು ಕೂತಿತ್ತು. ಆ ಪ್ರಶ್ನೆ ಬಸ್ಸಿಳಿದು ಇಷ್ಟು ಹೊತ್ತಾದರೂ ಗಂಗಾದೇವಿಯನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಜವಾನ ಅವಳ ಹೆಸರು ಕೂಗಿದ. ಒಳಗೆ ಹಿಂದಿನ ಸಾಲಿನಲ್ಲಿ ಇಬ್ಬರು ಪೊಲೀಸರ ನಡುವೆ ಈರಣ್ಣ ನಿಂತಿದ್ದ. ತಾಯಿಯನ್ನು ಕಂಡು, ಹೆದರಬೇಡ ಎನ್ನುವಂತೆ ತಲೆಯಾಡಿಸಿದ. ಸರ್ಕಾರಿ ವಕೀಲರು ಮನೆ, ಜಮೀನು, ನಳದ ಮುಂದಿನ ಜಗಳ ಎಲ್ಲ ಕೇಳಿದರು. ಅವಳು ಹೌದ್ರಿ, ಹೌದ್ರಿ ಎಂದಳು. ಆಮೇಲೆ ಈರಣ್ಣನ ಪರವಾಗಿ ಅರ್ಶಿಯಾ ಎದ್ದಳು. ವಕೀಲರನ್ನಿಡಲು ದುಡ್ಡಿಲ್ಲದ ಅವನಿಗೆ ಸರ್ಕಾರದ ಖರ್ಚಿನಲ್ಲಿ ಕೊಟ್ಟ ಚಿಕ್ಕ ವಯಸ್ಸಿನ ವಕೀಲೆ.

"ಆಯಿ, ನಮ್ಮ ಮನ್ಯಾಗ ನಾನು ನಮ್ಮಪ್ಪಗ ಭಾಯಿ ಅಂತೀನ್ರಿ. ನಮ್ಮ ಅತ್ತಿದೇರು ಹಂಗ ಕರೀತಿದ್ರು, ಕೇಳಿ ಕೇಳಿ ನನಗೂ ಅದ ರೂಢಿ ಆತು."

"ಇದು ಪ್ರಶ್ನೆ ಅಲ್ಲ, ಕಥೆ," ಎಂದು ಸರ್ಕಾರಿ ವಕೀಲರು ಗೊಣಗಿದರು. ಜಡ್ಜರು ಪ್ರಶ್ನೆ ಕೇಳಲು ಹೇಳಿದರು.

"ನಾಗರತ್ನಾ ಇದ್ದಾಗ ನಿಮ್ಮ ಮೊಮ್ಮಗಳು ತನ್ನ ಅಪ್ಪಗ ಏನಂತ ಕರೀತಿದ್ಲು?"

ಬಾಯಿಪಾಠ ಮಾಡಿಟ್ಟ ಉತ್ತರ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಗಂಗಾದೇವಿ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಕಾಕಾ ಅಂತಿತ್ರಿ ಕೂಸು."

"ಈರಣ್ಣಗ?"

"ಸಣ್ಣ ಕಾಕಾ."

ಅರ್ಶಿಯಾ ತಟ್ಟನೆ ಕೂತುಬಿಟ್ಟಳು. ಜಾಣೆ, ಇನ್ನೊಂದು ಮಾತು ಕೇಳಿ ಕೆಡಿಸಿಕೊಳ್ಳಲಿಲ್ಲ. ಸರ್ಕಾರಿ ವಕೀಲರು ಮಾತ್ರ ಕೆಂಡವಾಗಿದ್ದರು. ಈ ಸಾಕ್ಷಿ ನಮಗೆ ಪ್ರತಿಕೂಲ ಎಂದು ಸಾರಿ, ಪೊಲೀಸರು ಬರೆದುಕೊಂಡ ಕಾಗದ ಎತ್ತಿ ಹಿಡಿದು ಅವಳ ಮೇಲೆ ಬಿದ್ದರು.

"ಈರಣ್ಣ ಅಂತ ಹುಡುಗಿ ತಾನೇ ಹೆಸರು ಹೇಳಿದ್ದಾಳೆ, ಇಲ್ಲಿದೆ ನೋಡಿ. ಹಾಗಾದರೆ ಆ ಹುಡುಗಿ ಸುಳ್ಳು ಹೇಳಿದಳಾ?"

ಗೊತ್ತಿಲ್ಲರಿ ಎಂದಿದ್ದರೆ ನಡೆಯುತ್ತಿತ್ತು. ಈರಣ್ಣ ಉಳಿಯುತ್ತಿದ್ದ, ತಪ್ಪು ಪೊಲೀಸರ ತಲೆಗೆ ಹೋಗುತ್ತಿತ್ತು, ಈರಣ್ಣನ ಕಣ್ಣಿನಲ್ಲಿ ಅವಳು ಮೊದಲಿನ ಅವ್ವನಾಗಿಯೇ ಇರುತ್ತಿದ್ದಳು. ತೆರೆದ ಬಾಗಿಲಿನಾಚೆ ದಾನೇಶ್ವರಿಯ ಎರಡು ಜಡೆ ಕಾಣುತ್ತಿದ್ದವು. ನಾಳೆ ಆ ಹುಡುಗಿಯನ್ನು ಮತ್ತೆ ಇದೇ ಕಟಕಟೆಗೆ ಹತ್ತಿಸಿ ಇದೇ ಮಾತು ಕೇಳುತ್ತಾರೆ.

"ಕೂಸು ಹೆಸರ ಹೇಳಿಲ್ಲರಿ. ಕಾಕಾ ಅಂದ್ರ ಯಾರು ಅಂತ ಸಾಹೇಬ್ರು ನನ್ನ ಕೇಳಿದ್ರು. ಈರಣ್ಣ ಅಂತ ನಾ ಹೇಳೀನಿ. ಸುಳ್ಳ ಅಂತ ಗೊತ್ತಿದ್ದ ಹೇಳೀನಿ. ಹುಡುಗಿ ಬಾಯಿ ಬಡದು ಅಪ್ಪಾ ಅನ್ನಾಕ ಕಲಿಸಿದಾಕಿನೂ ನಾನ. ಅದರದೇನೂ ತಪ್ಪಿಲ್ಲರಿ."

ಟೈಪು ಮಾಡುವವಳ ಕೈ ನಿಂತಿತು. ಜಡ್ಜರು ಕನ್ನಡಕ ತೆಗೆದು ಒರೆಸಿ, "ಕಾಕಾ ಅಂತಲೇ ಬರೀರಿ, ಚಿಕ್ಕಪ್ಪ ಅಂತ ಬರೀಬೇಡಿ," ಎಂದರು. ವಿನಯನನ್ನು ಮತ್ತೆ ಸಾಕ್ಷಿಗೆ ಕರೆಸಬೇಕೆಂದು ಹೇಳಿ ಮುಂದಿನ ವಾರದ ತಾರೀಖು ಕೊಟ್ಟರು.

ಗಂಗಾದೇವಿ ಹೊರಗೆ ಬಂದಾಗ ವಿನಯ ಅಲ್ಲಿರಲಿಲ್ಲ. ಹುಡುಗಿಯೊಂದೇ ಬೆಂಚಿನ ಮೇಲೆ ಕೂತಿತ್ತು. ಮುದುಕಿ ಅದರ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಪೊಲೀಸರು ಈರಣ್ಣನನ್ನು ಹೊರಗೆ ತಂದರು. ಅವನು ನಗುತ್ತಾನೆ, ಇನ್ನೇನು ಬಿಡುಗಡೆ ಎನ್ನುತ್ತಾನೆ ಎಂದು ಯಾವುದೋ ಹುಚ್ಚು ಆಸೆ ಅವಳೊಳಗೆ ಇತ್ತು. ಅವನು ಅವಳ ಮುಂದೆ ಬಂದು ನಿಂತ.

"ನನ್ನ ಹೆಸರ ಯಾಕ ತಗೊಂಡಿಬೇ?"

ಐದು ವರ್ಷ ತನಗೆ ತಾನೇ ಹೇಳಿಕೊಂಡ ಉತ್ತರ ಅವಳ ಬಾಯಿಂದ ಹಾಗೇ ಬಂತು.

"ವಿನಯಗ ಈ ಕೂಸಿತ್ತು. ನಿನಗ ಯಾರೂ ಇದ್ದಿದ್ದಿಲ್ಲಪಾ, ತಮ್ಮಾ."

"ನೀ ಇದ್ದಿಯಲ್ಲಬೇ," ಎಂದ ಈರಣ್ಣ.

ವ್ಯಾನು ಹೊರಡುವ ಹೊತ್ತಾಗಿತ್ತು. ಪೊಲೀಸರು ಅವನ ತೋಳು ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದರು.